ಬೆಲೆ ಇಳಿದಿದೆ, ದೋಣಿ ಚಿಕ್ಕದಾಗಿಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಕುಂದಾಪುರದ ಕಡೆಯವನು, 24 ವರ್ಷದಿಂದ ಫ್ಲೋರಿಡಾದ ಟ್ಯಾಂಪಾದಲ್ಲಿದ್ದೇನೆ. ಎಂಟು ವರ್ಷದಿಂದ 26 ಅಡಿಯ ಸಣ್ಣ ಬೋಟ್ ಇದೆ, ಅದರ ರಿಪೇರಿಯೆಲ್ಲ ನನ್ನದೇ. ಮುಂದಿನ ವರ್ಷ ನಿವೃತ್ತಿ. ಆಮೇಲೆ ನಾವಿಬ್ಬರೂ ವರ್ಷದಲ್ಲಿ ಆರು ತಿಂಗಳು ನೀರಿನ ಮೇಲೇ ಇರಬೇಕು ಅಂತ ಆಸೆ. 1978ರ ಹ್ಯಾಟೆರಸ್ 53 ಅಡಿ ಮೋಟಾರ್ ಯಾಟ್ ಒಂದು ಮಾರಾಟಕ್ಕಿದೆ. ಮೂರು ಮಲಗುವ ಕೋಣೆ, ಒಳ್ಳೆಯ ಅಡುಗೆಮನೆ, ಟರ್ಬೊ ಇಲ್ಲದ ಎರಡು ಡೆಟ್ರಾಯ್ಟ್ ಡೀಸೆಲ್ 8ವಿ71 ಎಂಜಿನ್. 1,30,000 ಡಾಲರ್ ಹೇಳುತ್ತಿದ್ದಾರೆ. ಎಂಜಿನ್ ರೀಬಿಲ್ಡ್ ಆಗಿ (ಬಿಚ್ಚಿ ಹೊಸದಾಗಿ ಕಟ್ಟಿ) 600 ಗಂಟೆ ಮಾತ್ರ ಓಡಿದೆ ಅಂತ ಬ್ರೋಕರ್ ಮಾತು. ವರ್ಷಕ್ಕೆ ಬೆಲೆಯ ಶೇ 10ರಷ್ಟು ಖರ್ಚು ಬರುತ್ತದೆ ಅಂತ ಕೇಳಿದ್ದೇನೆ. 13,000 ಡಾಲರ್ ನಮಗೆ ಭಾರವಲ್ಲ. ದೋಣಿ ಕಟ್ಟುವ ಮರೀನಾದ ಬಾಡಿಗೆ ಇಲ್ಲಿ ಅಡಿಗೆ ತಿಂಗಳಿಗೆ 20 ಡಾಲರ್. ಕೊಳ್ಳಬಹುದಾ?

ಉತ್ತರ: ಮೊದಲು ನೀವೇ ಬರೆದ ಲೆಕ್ಕವನ್ನು ಕೂಡಿಸಿ ನೋಡೋಣ. 53 ಅಡಿ, ಅಡಿಗೆ 20 ಡಾಲರ್, ತಿಂಗಳಿಗೆ 1,060. ವರ್ಷಕ್ಕೆ 12,720. ನೀವು ತೆಗೆದಿಟ್ಟ 13,000ದಲ್ಲಿ ಉಳಿದದ್ದು 280 ಡಾಲರ್. ವಿಮೆ ಇನ್ನೂ ಕಟ್ಟಿಲ್ಲ, ಡೀಸೆಲ್ ಹಾಕಿಲ್ಲ, ಒಂದು ಬೋಲ್ಟನ್ನೂ ಬಿಚ್ಚಿಲ್ಲ.

ಶೇ 10ರ ಲೆಕ್ಕ ಹೊಸ ದೋಣಿಗೆ ಹೇಗೋ ಹೊಂದುತ್ತದೆ. ಹಳೆಯ ದೊಡ್ಡ ದೋಣಿಗೆ ಹೊಂದುವುದೇ ಇಲ್ಲ. ನೀವು ಕುಂದಾಪುರದವರು, ಹಳೆಯ ಹೆಂಚಿನ ಮನೆ ನೋಡಿದ್ದೀರಿ. ಯಾರೋ ತರಾತುರಿಯಲ್ಲಿ ಮಾರಿದರು ಅಂತ ದೊಡ್ಡ ತೊಟ್ಟಿ ಮನೆಯೊಂದು ಕಡಿಮೆ ಬೆಲೆಗೆ ಸಿಕ್ಕಿತು ಅಂದುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲೇಬೇಕು, ಅಲ್ವಾ? ಬೆಲೆ ಕಡಿಮೆ ಆಯಿತು ಅಂತ ಮಾಡಿನ ಮೇಲಿನ ಹೆಂಚು ಕಡಿಮೆಯಾಗಿರುವುದಿಲ್ಲ. ಈ ಗಾತ್ರದ ಯಾಟ್ ಹೊಸದು ಕೊಳ್ಳಲು ಹೋದರೆ ಈಗ 20 ಲಕ್ಷ ಡಾಲರ್ ದಾಟುತ್ತದೆ. ನಿಮ್ಮ ಪಂಪು, ಶಾಫ್ಟು, ಜನರೇಟರು, ಕಿಟಕಿಗಳೆಲ್ಲ ಆ 20 ಲಕ್ಷದ ದೋಣಿಯ ಅಳತೆಯವು. ಅವುಗಳ ಬಿಲ್ ಕೂಡ ಅದೇ ಅಳತೆಯಲ್ಲಿ ಬರುತ್ತದೆ.

ಇನ್ನೊಂದು ವಿಷಯ ತುಂಬ ಜನರ ಗಮನಕ್ಕೆ ಬರುವುದಿಲ್ಲ. ನಿಮ್ಮ ಈಗಿನ ದೋಣಿ 26 ಅಡಿ, ಇದು 53. ಎರಡು ಪಟ್ಟು ಅಂತ ಅನಿಸುತ್ತದೆ. ಆದರೆ ಉದ್ದ ಎರಡು ಪಟ್ಟಾದರೆ ಅಗಲವೂ ಎತ್ತರವೂ ಜೊತೆಗೇ ಬೆಳೆಯುತ್ತವೆ, ಒಟ್ಟು ಗಾತ್ರ ಎಂಟು ಪಟ್ಟಾಗುತ್ತದೆ. ನಿಮ್ಮದು ಮೂರು ಟನ್ ಹತ್ತಿರ ಇರಬಹುದು, ಇದು 25 ಟನ್ ಹತ್ತಿರ. ನೀವೇ ರಿಪೇರಿ ಮಾಡಿಕೊಂಡು ಬಂದಿದ್ದೀರಿ ಎನ್ನುವುದು ದೊಡ್ಡ ಆಸ್ತಿ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಎಂಟು ದೋಣಿಯ ಕೆಲಸವನ್ನು ಇಬ್ಬರೇ ಹೊರುತ್ತೀರಿ ಅಂತ ತಿಳಿದುಕೊಂಡು ಇಳಿಯಿರಿ.

ದೋಣಿಯ ಆಯ್ಕೆ ಚೆನ್ನಾಗಿದೆ. ಹ್ಯಾಟೆರಸ್ 1959ರಲ್ಲಿ ನಾರ್ತ್ ಕೆರೊಲಿನಾದ ಹೈ ಪಾಯಿಂಟ್ ಎಂಬ ಊರಿನಲ್ಲಿ ಶುರುವಾದ ಕಂಪನಿ. ದೊಡ್ಡ ದೋಣಿ ಅಂದರೆ ಮರದ್ದೇ ಅಂತಿದ್ದ ಕಾಲದಲ್ಲಿ ಅವರು ಫೈಬರ್‌ಗ್ಲಾಸ್ ಹಿಡಿದರು. ಈ 53 ಅಡಿಯದನ್ನು ವಿನ್ಯಾಸ ಮಾಡಿದವರು ಜ್ಯಾಕ್ ಹಾರ್‌ಗ್ರೇವ್, ಅದು 1969ರಿಂದ 1988ರವರೆಗೆ ತಯಾರಾಯಿತು. ತಳ ಗಟ್ಟಿ. ಡೀಸೆಲ್ ಟ್ಯಾಂಕ್ ಕೂಡ ಫೈಬರ್‌ಗ್ಲಾಸ್, ತುಕ್ಕಿನ ಚಿಂತೆ ಇಲ್ಲ. ಹಳೆಯ ದೋಣಿಗಳಲ್ಲಿ ಇದು ಬಹಳ ದೊಡ್ಡ ನೆಮ್ಮದಿ, ಯಾಕೆ ಅಂತ ಕೊನೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಈಗ ಎಂಜಿನ್. ಹಡಗಿನಲ್ಲಿ ಎಂಜಿನಿಯರ್ ಆಗಿದ್ದು, ಆಮೇಲೆ ಫ್ಲೋರಿಡಾದ ಬೋಟ್ ಯಾರ್ಡ್‌ನಲ್ಲಿ ಕೆಲಸ ಮಾಡಿದವನು ನಾನು. ಈ ಡೆಟ್ರಾಯ್ಟ್ ಎಂಜಿನ್‌ಗಳ ಮೇಲೆ ನನಗೆ ಪ್ರೀತಿ ಇದೆ. ಎರಡು ಸ್ಟ್ರೋಕಿನ ಡೀಸೆಲ್, ಒಂದೊಂದು ಸಿಲಿಂಡರ್ 71 ಘನ ಇಂಚು, ಹೆಸರು ಬಂದದ್ದು ಅದರಿಂದಲೇ. ಶಬ್ದ ಜಾಸ್ತಿ, ಆಯಿಲ್ ಸ್ವಲ್ಪ ತಿನ್ನುತ್ತದೆ, ಸುತ್ತಮುತ್ತ ಜಿನುಗುತ್ತದೆ ಕೂಡ. ಆದರೆ ಟರ್ಬೊ ಇಲ್ಲದ 8ವಿ71 ತಾಳ್ಮೆಯ ಎಂಜಿನ್, ತಣ್ಣಗಿಟ್ಟು ಸಮಾಧಾನವಾಗಿ ಓಡಿಸಿದರೆ ದೀರ್ಘ ಕಾಲ ಬಾಳುತ್ತದೆ. ಇದಕ್ಕೆ ಈಗಿನ ಡೀಸೆಲ್ ಲಾರಿಗಳಿಗೆ ಹಾಕುವ 15ಡಬ್ಲ್ಯು40 ಥರದ ಮಲ್ಟಿಗ್ರೇಡ್ ಆಯಿಲ್ ಹಾಕಬೇಡಿ. ಎಸ್‌ಎಇ 40, ಒಂದೇ ಗ್ರೇಡಿನದು, ಡಬ್ಬಿಯ ಮೇಲೆ ಸಿಎಫ್-2 ಅಂತ ಇರಬೇಕು. ಈಗಿನ ಮಾಲೀಕರು ಯಾವ ಆಯಿಲ್ ಹಾಕುತ್ತಿದ್ದಾರೆ ಅಂತ ಕೇಳಿ. ಉತ್ತರದಲ್ಲೇ ಅವರು ಎಂಜಿನ್ ಹೇಗೆ ನೋಡಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ.

"ರೀಬಿಲ್ಡ್ ಆಗಿದೆ" ಅನ್ನುವ ಮಾತಿಗೆ ಬಿಲ್ ತೋರಿಸಿ ಅನ್ನಿ. ಪಿಸ್ಟನ್, ಲೈನರ್ (ಪಿಸ್ಟನ್ ಆಡುವ ಕೊಳವೆ), ಹೆಡ್, ಇಂಜೆಕ್ಟರ್, ಬ್ಲೋವರ್ (ಗಾಳಿ ನೂಕುವ ಯಂತ್ರ), ಯಾವುದೆಲ್ಲ ಹೊಸದು, ಯಾವ ವರ್ಷ, ಯಾರು ಮಾಡಿದ್ದು? ಹೆಡ್ ಬಿಚ್ಚಿ ಗ್ಯಾಸ್ಕೆಟ್ ಹಾಕಿ ಹಸಿರು ಬಣ್ಣ ಬಳಿದದ್ದನ್ನೂ ರೀಬಿಲ್ಡ್ ಅನ್ನುವವರಿದ್ದಾರೆ. ಈ ಎಂಜಿನ್‌ನಲ್ಲಿ ಒಂದು ಅನುಕೂಲ ಇದೆ. ಪಕ್ಕದಲ್ಲಿ ಗಾಳಿ ತುಂಬುವ ಏರ್‌ಬಾಕ್ಸ್‌ನ ಮುಚ್ಚಳಗಳಿರುತ್ತವೆ, ಅವುಗಳನ್ನು ತೆಗೆದು ಟಾರ್ಚ್ ಹಿಡಿದರೆ ಲೈನರ್‌ನ ತೂತುಗಳಿಂದ ಪಿಸ್ಟನ್, ರಿಂಗ್, ಲೈನರ್‌ನ ಗೋಡೆ ಕಣ್ಣಿಗೇ ಕಾಣುತ್ತವೆ. ಹೆಡ್ ಬಿಚ್ಚಬೇಕಾಗಿಲ್ಲ. ಲೈನರ್ ಮೇಲೆ ಉದ್ದುದ್ದ ಗೀರು ಬಿದ್ದಿದ್ದರೆ ಒಮ್ಮೆ ಅತಿಯಾಗಿ ಕಾದಿದೆ ಅಂತಲೇ ಅನುಮಾನಿಸಬೇಕು. ಡೆಟ್ರಾಯ್ಟ್ ಬಲ್ಲ ಮೆಕ್ಯಾನಿಕ್ ಈ ಕೆಲಸವನ್ನು ಖಂಡಿತ ಮಾಡುತ್ತಾರೆ. ಮಾಡಲು ಮಾರುವವರು ಬಿಡುವುದಿಲ್ಲ ಅಂದರೆ ದೋಣಿ ಬಿಟ್ಟುಬಿಡಿ. ಒಂದು ಎಂಜಿನ್ ಪೂರ್ತಿ ರೀಬಿಲ್ಡ್ ಮಾಡಿಸಲು ಹತ್ತಾರು ಸಾವಿರ ಡಾಲರ್ ಬೇಕು, ನಿಮ್ಮಲ್ಲಿ ಎರಡು ಇವೆ.

600 ಗಂಟೆ ಅನ್ನುವುದು ನನಗೆ ಸಮಾಧಾನ ಕೊಡುವುದಿಲ್ಲ. ಎಷ್ಟು ವರ್ಷದಲ್ಲಿ 600 ಗಂಟೆ? ಆರು ವರ್ಷದಲ್ಲಿ ಆದರೆ ಸರಿ. 25 ವರ್ಷದಲ್ಲಿ ಆಗಿದ್ದರೆ ಆ ಎಂಜಿನ್ ಓಡಿದ್ದಕ್ಕಿಂತ ಸುಮ್ನೆ ನಿಂತದ್ದೇ ಜಾಸ್ತಿ. ಉಪ್ಪುನೀರಿನ ಮೇಲೆ ನಿಂತ ಯಂತ್ರ ಒಳಗಿಂದ ಹಾಳಾಗುತ್ತದೆ. ಎಂಜಿನ್ ತಣ್ಣಗಿಡುವ ಹೀಟ್ ಎಕ್ಸ್‌ಚೇಂಜರ್ ಕಟ್ಟಿಕೊಳ್ಳುತ್ತದೆ, ನೀರೆತ್ತುವ ಪಂಪಿನ ರಬ್ಬರ್ ಇಂಪೆಲ್ಲರ್‌ನ ಎಸಳು ಮಡಚಿದಲ್ಲೇ ಗಟ್ಟಿಯಾಗುತ್ತದೆ, ಎಕ್ಸಾಸ್ಟ್ ಕೊಳವೆ ಒಳಗೊಳಗೇ ತೂತಾಗುತ್ತದೆ. ಮೊದಲ ಎರಡು ಎಂಜಿನ್ ಅತಿಯಾಗಿ ಕಾಯಿಸುತ್ತವೆ, ಮೂರನೆಯದು ನೀರನ್ನು ಎಂಜಿನ್‌ನೊಳಗೇ ಬಿಡಬಹುದು.

ನೀರಿನ ಕೆಳಗಿನದು ಚುರುಕಾಗಿ ಹೇಳುತ್ತೇನೆ, ನಿಮಗೆ ಗೊತ್ತಿದ್ದದ್ದೇ. ಒಂದೆರಡು ವರ್ಷಕ್ಕೊಮ್ಮೆ ದೋಣಿ ಮೇಲೆತ್ತಿಸಿ ತಳಕ್ಕೆ ಬಣ್ಣ, ಬೇರೆ ಲೋಹ ಕೊರೆಯದಂತೆ ತಾವೇ ಕರಗುವ ಜಿಂಕ್ ತುಂಡುಗಳು ಅರ್ಧ ಕರಗಿದಾಗಲೇ ಬದಲು, ಶಾಫ್ಟ್ ಹಿಡಿಯುವ ರಬ್ಬರ್ ಬೇರಿಂಗ್, ಶಾಫ್ಟ್ ಹೊರಬರುವಲ್ಲಿ ನೀರು ತಡೆಯುವ ಸ್ಟಫಿಂಗ್ ಬಾಕ್ಸ್‌ನ ಪ್ಯಾಕಿಂಗ್. ಹೆಚ್ಚು ಗಮನ ಕೊಡಬೇಕಾದದ್ದು ತಳದಲ್ಲಿರುವ ನೀರಿನ ತೂತುಗಳಿಗೆ. ಇಷ್ಟು ದೊಡ್ಡ ದೋಣಿಯಲ್ಲಿ ಎಂಜಿನ್, ಜನರೇಟರ್, ಎಸಿ, ಟಾಯ್ಲೆಟ್ ಅಂತ ಹತ್ತಕ್ಕೂ ಜಾಸ್ತಿ ತೂತುಗಳಿರುತ್ತವೆ. ಪ್ರತಿಯೊಂದಕ್ಕೂ ಒಂದು ಸೀಕಾಕ್ (ನೀರು ನಿಲ್ಲಿಸುವ ವಾಲ್ವ್), ಒಂದು ಹೋಸ್, ಕ್ಲಾಂಪ್. ಸೀಕಾಕ್ ಕಂಚಿನದಾಗಿರಬೇಕು. ಅಂಗಡಿಯ ಹಿತ್ತಾಳೆ ವಾಲ್ವ್ ಹಾಕಿದ್ದರೆ ಉಪ್ಪುನೀರು ಅದರೊಳಗಿನ ಸತುವನ್ನು ತಿಂದುಬಿಡುತ್ತದೆ, ಹೊರಗಿಂದ ಗಟ್ಟಿಯಾಗಿ ಕಂಡರೂ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಸಮುದ್ರದಲ್ಲಿ ಮುಳುಗುವುದಕ್ಕಿಂತ ಕಟ್ಟಿದ ಜಾಗದಲ್ಲೇ ಮುಳುಗುವ ದೋಣಿಗಳು ಜಾಸ್ತಿ. ನಾನು ಯಾರ್ಡ್‌ನಲ್ಲಿದ್ದಾಗ ಹಾಗೆ ಮುಳುಗಿದ ಒಂದನ್ನು ಎತ್ತಿ ತಂದಿದ್ದರು. ಎಸಿಗೆ ನೀರು ತರುವ ಹೋಸ್ ಬಿಟ್ಟುಕೊಂಡಿತ್ತು, ತಳದ ನೀರು ಹೊರಹಾಕುವ ಬಿಲ್ಜ್ ಪಂಪ್‌ನ ಬ್ಯಾಟರಿ ಸತ್ತಿತ್ತು. ಸೋಫಾ ಮೇಲೆ ಮಕ್ಕಳ ಆಟದ ಸಾಮಾನು ಕೆಸರಲ್ಲಿ ಅಂಟಿಕೊಂಡಿದ್ದವು. ಆ ಮನೆಯವರ ಮುಖ ಇವತ್ತಿಗೂ ಮರೆಯಲಾಗಿಲ್ಲ.

ವೈರಿಂಗ್ ಬಗ್ಗೆ ಮಾತ್ರ ರಾಜಿ ಬೇಡ. ಆ ಕಾಲದ ಹ್ಯಾಟೆರಸ್‌ಗಳಲ್ಲಿ 32 ವೋಲ್ಟ್ ಡಿಸಿ ಇರುತ್ತದೆ. ವ್ಯವಸ್ಥೆ ಒಳ್ಳೆಯದೇ, ಆದರೆ ಅದಕ್ಕೆ ತಕ್ಕ ಬಲ್ಬು, ಪಂಪು, ಮೋಟಾರು ಹುಡುಕಿ ತರಬೇಕು, ಬೆಲೆಯೂ ಜಾಸ್ತಿ. ಅದಕ್ಕಿಂತ ಭಯ ಬೇರೆ. 1978ರಿಂದ ಇಲ್ಲಿಯವರೆಗೆ ಎಷ್ಟೋ ಮಾಲೀಕರು ಬಂದು ಹೋಗಿರುತ್ತಾರೆ, ಒಬ್ಬೊಬ್ಬರೂ ಟಿವಿಗೆ, ಫ್ರಿಜ್‌ಗೆ, ದೀಪಕ್ಕೆ ಅಂತ ತಮ್ಮದೊಂದು ವೈರ್ ಎಳೆದಿರುತ್ತಾರೆ, ಹಳೆಯದನ್ನು ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ. ದಡದ ಕರೆಂಟಿನ ಪ್ಲಗ್ ಕೀಳಿ ಅದರ ಪಿನ್‌ಗಳನ್ನು ನೋಡಿ. ಸುತ್ತ ಕಂದು ಬಣ್ಣ, ಕರಗಿದ ಪ್ಲಾಸ್ಟಿಕ್ ಕಂಡರೆ ಅಲ್ಲಿ ಬೆಂಕಿ ಶುರುವಾಗಲು ಜಾಗ ಸಿದ್ಧವಾಗಿದೆ ಅಂತಲೇ ಅರ್ಥ. ಇನ್ನೊಂದು, ಮೊಮ್ಮಕ್ಕಳು ಬಂದರೆ ಮರೀನಾದೊಳಗೆ ಈಜಲು ಬಿಡಲೇಬೇಡಿ. ಯಾವುದೋ ಪಕ್ಕದ ದೋಣಿಯಿಂದ ನೀರಿಗೆ ಸೋರುವ ಕರೆಂಟ್ ಕಣ್ಣಿಗೆ ಕಾಣುವುದಿಲ್ಲ, ಅದರಲ್ಲೂ ಸಿಹಿನೀರಲ್ಲಿ ಅದು ಜೀವ ತೆಗೆಯುತ್ತದೆ.

ಬೆಲೆ ಮಾತಾಡುವುದಕ್ಕಿಂತ ಮುಂಚೆ ವಿಮೆಯವರಿಗೆ ಫೋನ್ ಮಾಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. 1978ರ ದೋಣಿ, ಫ್ಲೋರಿಡಾ, ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಮೇಲಾಗಿ 26 ಅಡಿಯಿಂದ ಒಮ್ಮೆಗೇ 53ಕ್ಕೆ ನೆಗೆತ. ಕೆಲವರು ಬೇಡ ಅಂತಲೇ ಹೇಳುತ್ತಾರೆ. ಒಪ್ಪುವವರೂ ಹೊಸ ಸರ್ವೇ (ತಜ್ಞರು ಮಾಡುವ ದೋಣಿ ಪರೀಕ್ಷೆ) ವರದಿ ಕೇಳುತ್ತಾರೆ, ಬಿರುಗಾಳಿ ಬಂದಾಗ ದೋಣಿ ಎಲ್ಲಿಡುತ್ತೀರಿ ಅಂತ ಬರೆದು ಕೊಡಿ ಅನ್ನುತ್ತಾರೆ, ಮೊದಲ ಕೆಲವು ದಿನ ಲೈಸೆನ್ಸ್ ಇರುವ ಕ್ಯಾಪ್ಟನ್ ಜೊತೆಗಿರಬೇಕು ಅಂತ ಷರತ್ತು ಹಾಕಬಹುದು. ವಿಮೆ ಇಲ್ಲದಿದ್ದರೆ ಬಹಳಷ್ಟು ಮರೀನಾಗಳು ಒಳಗೇ ಬಿಡುವುದಿಲ್ಲ.

ಸರ್ವೇಗೆ ಇಬ್ಬರು ಬೇಕು, ಹಲ್‌ಗೆ (ದೋಣಿಯ ಒಡಲಿಗೆ) ಒಬ್ಬರು, ಎಂಜಿನ್‌ಗೆ ಒಬ್ಬರು. ಅಮೆರಿಕದಲ್ಲಿ ಸ್ಯಾಮ್ಸ್, ನ್ಯಾಮ್ಸ್ ಅಂತ ಸರ್ವೇಯರ್‌ಗಳ ಎರಡು ಸಂಘಗಳಿವೆ, ಅವುಗಳ ಪಟ್ಟಿಯಿಂದ ನೀವೇ ಆರಿಸಿ. ಬ್ರೋಕರ್ ಹೇಳಿದವರು ಬೇಡ. ದೋಣಿ ನೀರಿಂದ ಎತ್ತಿಸಿ ನೋಡಬೇಕು, ಆಯಿಲ್ ಲ್ಯಾಬ್‌ಗೆ ಕಳಿಸಬೇಕು, ಸಮುದ್ರದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್‌ನ ಫಲಕದಲ್ಲಿ ಬರೆದ ಆರ್‌ಪಿಎಂ ಮುಟ್ಟಬೇಕು, ಅತಿಯಾಗಿ ಬಿಸಿಯಾಗಬಾರದು.

ಇಷ್ಟಾದ ಮೇಲೆ ನಿಮ್ಮ ಪ್ರಶ್ನೆಗೆ ಉತ್ತರ. ವರ್ಷಕ್ಕೆ 13,000 ಅಷ್ಟೇ ಇದ್ದರೆ ಕೊಳ್ಳಬೇಡಿ. ಬಾಡಿಗೆ, ವಿಮೆ ಸೇರಿ ವರ್ಷಕ್ಕೆ 40ರಿಂದ 50 ಸಾವಿರ ತೆಗೆದಿಡಬಲ್ಲಿರಾದರೆ, ಮೊದಲ ವರ್ಷಕ್ಕೆ ಅಂತಲೇ ಇನ್ನೊಂದು 60 ಸಾವಿರ ಬ್ಯಾಂಕಿನಲ್ಲಿ ಮುಟ್ಟದೆ ಇಡಬಲ್ಲಿರಾದರೆ, ಸರ್ವೇ ಚೆನ್ನಾಗಿ ಬಂದರೆ, ಧೈರ್ಯವಾಗಿ ಮುಂದುವರಿಯಿರಿ. ಇಲ್ಲವಾದರೆ ಒಂದೇ ಎಂಜಿನ್ ಇರುವ 36, 38 ಅಡಿಯ ದೋಣಿ ನೋಡಿ. ಇಬ್ಬರು ಆರು ತಿಂಗಳಿರಲು ಅದು ಧಾರಾಳ ಸಾಕು. ನಾನಾಗಿದ್ದರೆ ಅದನ್ನೇ ಆರಿಸುತ್ತಿದ್ದೆ.

ಪ್ರಶ್ನೆ: ನಾವು ಮಲ್ಪೆಯವರು, ಮನೆಯಲ್ಲಿ ಎರಡು ಟ್ರಾಲ್ ಬೋಟ್ ಇವೆ. ನಮ್ಮದೂ ಹಳೆಯ ಬೋಟುಗಳೇ, ಪ್ರತಿ ಮಳೆಗಾಲ ದಡಕ್ಕೆ ಎಳೆದು ನಾವೇ ಸರಿ ಮಾಡುತ್ತೇವೆ. ಯಾಟ್ ರಿಪೇರಿಗೆ ಅಷ್ಟೊಂದು ದುಡ್ಡು ಅನ್ನುವುದು ಯಾಕೆ ಅಂತ ಅರ್ಥ ಆಗುವುದಿಲ್ಲ.

ಉತ್ತರ: ಒಳ್ಳೆಯ ಪ್ರಶ್ನೆ. ನಿಮ್ಮ ಕ್ರಮದಲ್ಲೇ ಅರ್ಧ ಉತ್ತರ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆ ದಿನಗಳಲ್ಲಿ ನೀವು ತಳ ಕೆರೆದು, ಹಲಗೆ ನೋಡಿ, ಎಂಜಿನ್ ಬಿಚ್ಚಿ, ಫ್ಯಾನು (ಪ್ರೊಪೆಲ್ಲರ್) ಶಾಫ್ಟು ಪರೀಕ್ಷಿಸಿ, ಬಣ್ಣ ಹೊಡೆದು ಆಗಸ್ಟಿಗೆ ತಯಾರಾಗುತ್ತೀರಿ. ಕಾನೂನು ಮೀನಿನ ಸಂತತಿ ಉಳಿಯಲಿ ಅಂತ ಮಾಡಿದ್ದು, ಆದರೆ ಬೋಟಿಗೂ ಅದು ವರ್ಷಕ್ಕೊಮ್ಮೆ ತಪ್ಪದ ಆರೈಕೆ ಆಗಿಬಿಟ್ಟಿದೆ. ಯಾಟ್ ಮಾಲೀಕನಿಗೆ ಅಂಥ ಕಡ್ಡಾಯ ಇಲ್ಲ. ಈ ವರ್ಷ ಬೇಡ, ಮುಂದಿನ ವರ್ಷ ಎತ್ತಿಸೋಣ ಅಂತ ಮುಂದೂಡುತ್ತಾನೆ. ನಾಲ್ಕು ಮಾಲೀಕರು ಹಾಗೆ ಮುಂದೂಡಿದ ಕೆಲಸವೆಲ್ಲ ಐದನೆಯವನ ತಲೆ ಮೇಲೆ ಬರುತ್ತದೆ.

ಇನ್ನರ್ಧ ಉತ್ತರ ದೋಣಿಯ ಒಳಗಿದೆ. ನಿಮ್ಮ ಬೋಟಿನಲ್ಲಿ ಒಂದೇ ಎಂಜಿನ್, ಅದರ ಸುತ್ತ ಕೈ ಹಾಕಲು ಜಾಗ ಇದೆ. ತಾಂಡೇಲನಿಗೆ ಶಬ್ದ ಸ್ವಲ್ಪ ಬದಲಾದರೂ ಗೊತ್ತಾಗುತ್ತದೆ, ಯಾಕೆಂದರೆ ದಿನಾ ಓಡಿಸುತ್ತಾನೆ. ಯಾಟ್ ಅಂದರೆ ದೋಣಿಯೊಳಗೆ ಒಂದು ಮನೆ. ಎರಡು ಎಂಜಿನ್, ಜನರೇಟರ್, ನಾಲ್ಕೈದು ಎಸಿ, ಮೂರು ಟಾಯ್ಲೆಟ್, ಕೊಳಚೆ ಟ್ಯಾಂಕ್, ನೀರು ಕಾಯಿಸುವ ಯಂತ್ರ, ಇವೆಲ್ಲದರ ಪೈಪು ವೈರುಗಳು ತೇಗದ ಕಪಾಟುಗಳ ಹಿಂದೆ. ಅರ್ಧ ಗಂಟೆಯ ಕೆಲಸಕ್ಕೆ ಕಪಾಟು ಬಿಚ್ಚಲು ಮೂರು ಗಂಟೆ, ಮತ್ತೆ ಕೂಡಿಸಲು ಮೂರು ಗಂಟೆ. ದಕ್ಷಿಣ ಫ್ಲೋರಿಡಾದ ಯಾರ್ಡ್‌ಗಳಲ್ಲಿ ಒಂದು ಗಂಟೆಯ ಕೂಲಿಯೇ 100 ಡಾಲರ್ ಮೀರುತ್ತದೆ. ದುಡ್ಡು ಹೋಗುವುದು ಸಾಮಾನಿಗಿಂತ ಹೆಚ್ಚಾಗಿ ಅಲ್ಲಿ. ನಿಮ್ಮ ಕಡೆಯ ಒಬ್ಬ ಒಳ್ಳೆಯ ಬೋಟ್ ಮೆಕ್ಯಾನಿಕ್ ಅಲ್ಲಿದ್ದರೆ ಜನ ಸಾಲುಗಟ್ಟಿ ನಿಲ್ಲುತ್ತಾರೆ, ಇದು ಮನಸ್ಸಿನಿಂದ ಹೇಳುವ ಮಾತು.

ಪ್ರಶ್ನೆ: ದುಬೈನಲ್ಲಿ ನಾವು ನಾಲ್ಕು ಗೆಳೆಯರು ಸೇರಿ 1998ರ 60 ಅಡಿ ಯಾಟ್ ಕೊಳ್ಳುವ ಯೋಚನೆಯಲ್ಲಿದ್ದೇವೆ. ಬೇಸಿಗೆಯಲ್ಲಿ ಮೂರು ತಿಂಗಳು ಯಾರೂ ಹೋಗುವುದಿಲ್ಲ, ಹಾಗೇ ಕಟ್ಟಿ ಬಿಡಬಹುದಾ?

ಉತ್ತರ: ಬಿಡಬಾರದು. ಗಲ್ಫ್‌ನಲ್ಲಿ ಬೇಸಿಗೆಯ ಸಮುದ್ರದ ನೀರೇ 32 ಡಿಗ್ರಿ ದಾಟುತ್ತದೆ. ಬಿಸಿ ನೀರಲ್ಲಿ ಪಾಚಿ, ಚಿಪ್ಪು ಬೇಗ ಬೆಳೆಯುತ್ತವೆ, ತಳದಲ್ಲಷ್ಟೇ ಅಲ್ಲ, ಪೈಪಿನೊಳಗೂ. ದೋಣಿಯ ಎಸಿ ತಣ್ಣಗಾಗುವುದು ಸಮುದ್ರದ ನೀರಿನಿಂದಲೇ. ಜುಲೈನಲ್ಲಿ ಆ ಪೈಪ್ ಕಟ್ಟಿಕೊಂಡರೆ ಎಸಿ ನಿಲ್ಲುತ್ತದೆ, ಮುಚ್ಚಿದ ಕೋಣೆಯಲ್ಲಿ ಬಿಸಿಗೆ ಅಂಟು ಬಿಡುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಯಾರಾದರೂ ಹೋಗಿ ಬಿಲ್ಜ್ (ನೀರು ಸೇರುವ ಒಳತಳ) ನೋಡಿ, ನೀರಿನ ಜಾಲರಿ ತೊಳೆದು, ಜನರೇಟರ್ ಲೋಡ್ ಹಾಕಿ ಓಡಿಸಬೇಕು. ಎಂಜಿನ್‌ಗಳನ್ನು ಕಟ್ಟಿದಲ್ಲೇ ಐದು ನಿಮಿಷ ಶುರು ಮಾಡಿ ನಿಲ್ಲಿಸುವುದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಓಡಿಸುವುದಾದರೆ ಹೊರಗೆ ಹೋಗಿ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ. ನಾಲ್ವರಲ್ಲಿ ಈ ಕೆಲಸ ಯಾರದು ಅಂತ ಈಗಲೇ ಹೆಸರು ಬರೆದಿಡಿ, ದುಡ್ಡಿನ ಪಾಲು ಎಷ್ಟೋ ಅಷ್ಟೇ ಖಚಿತವಾಗಿ. ನಾಲ್ವರದ್ದು ಅಂದರೆ ಯಾರದ್ದೂ ಅಲ್ಲ ಅಂತಾಗಿ ಸ್ನೇಹವೇ ಕೆಟ್ಟದ್ದನ್ನು ನೋಡಿದ್ದೇನೆ.

ಪ್ರಶ್ನೆ: ಸರ್, ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ನಮ್ಮವರು 1981ರ, ತೈವಾನ್‌ನಲ್ಲಿ ಕಟ್ಟಿದ 43 ಅಡಿ ಟ್ರಾಲರ್ ಯಾಟ್ (ಮೀನುಗಾರಿಕೆ ಬೋಟಿನ ಆಕಾರದ ವಿಹಾರ ದೋಣಿ) ನೋಡಿ ಮನಸೋತಿದ್ದಾರೆ. ಡೆಕ್ ಪೂರ್ತಿ ತೇಗದ್ದು, ನೋಡಲು ನಮ್ಮ ಹಳೆ ಮನೆಯ ಜಗಲಿಯ ಹಾಗೆ ಚೆಂದ. ಬೇಡ ಅನ್ನಲು ಮನಸ್ಸಿಲ್ಲ, ಒಪ್ಪಲು ಭಯ. ಮುಂದಿನ ಶನಿವಾರ ಸರ್ವೇ ಇದೆ. ಎಂಜಿನ್ ಬಗ್ಗೆ ಏನೂ ಗೊತ್ತಿಲ್ಲದ ನಾನು ಹೋಗಿ ಏನು ಮಾಡಲಿ?

ಉತ್ತರ: ಖಂಡಿತ ಹೋಗಿ ತಾಯೀ. ನಿಮ್ಮವರಿಗೆ ದೋಣಿ ಇಷ್ಟವಾಗಿಬಿಟ್ಟಿದೆ, ಹಾಗಾಗಿ ನಿಮ್ಮ ಕಣ್ಣು ಅಲ್ಲಿ ಬೇಕೇ ಬೇಕು.

ತೇಗದ ಡೆಕ್ ಬಗ್ಗೆ ಮೊದಲು ಹೇಳುತ್ತೇನೆ, ಯಾಕೆಂದರೆ ನನ್ನ ಸ್ವಂತ ದೋಣಿಯೂ ಅದೇ ಕಾಲದ ಅದೇ ಥರದ್ದು. ಆ ಡೆಕ್‌ನ ಪಟ್ಟಿಗಳನ್ನು ಫೈಬರ್‌ಗ್ಲಾಸ್‌ಗೆ ಸಾವಿರಾರು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಫೈಬರ್‌ಗ್ಲಾಸ್‌ನ ಎರಡು ಪದರದ ನಡುವೆ ಮರದ ತುಂಡುಗಳಿರುತ್ತವೆ. ಒಂದೊಂದು ಸ್ಕ್ರೂ ತೂತಿನಿಂದಲೂ ವರ್ಷಗಟ್ಟಲೆ ನೀರಿಳಿದು ಒಳಗಿನ ಮರ ಕೊಳೆಯುತ್ತದೆ, ಮೇಲಿನ ತೇಗ ಮಾತ್ರ ಚೆಂದವಾಗಿಯೇ ಇರುತ್ತದೆ. ನನ್ನದರಲ್ಲಿ ಮುಂಭಾಗದ ಡೆಕ್ ಪೂರ್ತಿ ಕಿತ್ತು ಮತ್ತೆ ಮಾಡಿದೆವು, ಎರಡು ಚಳಿಗಾಲದ ಶನಿವಾರ ಭಾನುವಾರಗಳೆಲ್ಲ ಅದಕ್ಕೇ ಹೋದವು. ಅಂಥ ದೋಣಿಗಳಲ್ಲಿ ಡೀಸೆಲ್ ಟ್ಯಾಂಕ್ ಹೆಚ್ಚಾಗಿ ಕಬ್ಬಿಣದ್ದು. ಡೆಕ್‌ನಿಂದ ಇಳಿದ ನೀರು ಟ್ಯಾಂಕಿನ ನೆತ್ತಿಯ ಮೇಲೆ ನಿಂತು ತುಕ್ಕು ಹಿಡಿಸುತ್ತದೆ. ಅದನ್ನು ಬದಲಾಯಿಸಬೇಕೆಂದರೆ ಎಷ್ಟೋ ದೋಣಿಗಳಲ್ಲಿ ಎಂಜಿನ್ನೇ ಹೊರಗೆ ತೆಗೆಯಬೇಕು. ಫೈಬರ್‌ಗ್ಲಾಸ್ ಟ್ಯಾಂಕ್ ನೆಮ್ಮದಿ ಅಂತ ಮೊದಲ ಪ್ರಶ್ನೆಗೆ ಬರೆದದ್ದು ಇದಕ್ಕೇ.

ಶನಿವಾರ ನೀವು ಮಾಡಬೇಕಾದದ್ದು ಇಷ್ಟು. ಬರಿಗಾಲಲ್ಲಿ ಡೆಕ್ ಪೂರ್ತಿ ನಿಧಾನ ನಡೆಯಿರಿ, ಕಾಲಡಿ ಮೆತ್ತಗೆ ಅನಿಸಿದ ಕಡೆ ಸರ್ವೇಯರ್‌ಗೆ ತೋರಿಸಿ. ಅವರು ಸುತ್ತಿಗೆಯಿಂದ ತಟ್ಟುತ್ತಾರೆ, ಒಳ್ಳೆಯ ಜಾಗ ಠಣ್ ಅನ್ನುತ್ತದೆ, ಕೊಳೆತದ್ದು ಹಲಸಿನ ಹಣ್ಣು ತಟ್ಟಿದ ಹಾಗೆ ಮಂದವಾಗಿ ಕೇಳುತ್ತದೆ. ಕಿಟಕಿಗಳ ಕೆಳಗಿನ ಮೂಲೆಯಲ್ಲಿ ಕಪ್ಪು ಕಲೆ ಇದೆಯಾ ನೋಡಿ. ಪ್ರತಿ ಕಪಾಟು ತೆರೆದು ಮೂಗು ಹಾಕಿ ಮೂಸಿ. ಟಾಯ್ಲೆಟ್ ಪೈಪಿನ ವಾಸನೆ, ಡೀಸೆಲ್ ವಾಸನೆ, ಒದ್ದೆ ಮರದ ವಾಸನೆ ಮೂರೂ ಬೇರೆ ಬೇರೆ, ನಿಮಗೆ ತಕ್ಷಣ ತಿಳಿಯುತ್ತದೆ. ಕಾರ್ಪೆಟ್ ಎತ್ತಿ ನೋಡಿ. ಘಮಘಮ ಅನ್ನುವ ಸ್ಪ್ರೇ ಹೊಡೆದಿದ್ದರೆ ಕಿಟಕಿ ತೆಗೆಸಿ, ಒಂದು ಗಂಟೆ ಬಿಟ್ಟು ಮತ್ತೆ ಒಳಗೆ ಬನ್ನಿ.

ಇನ್ನೊಂದು ಇದೆ. ಸರ್ವೇ ಒಂಬತ್ತಕ್ಕಿದ್ದರೆ ನೀವು ಎಂಟಕ್ಕೇ ಅಲ್ಲಿರಿ. ಎಂಜಿನ್ ಕೋಣೆ ತೆಗೆಸಿ, ಎಂಜಿನ್ ಮೇಲೆ ಅಂಗೈ ಇಡಿ. ಅದು ತಣ್ಣಗಿರಬೇಕು. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಯಾರೋ ಅದನ್ನು ಶುರು ಮಾಡಿ ಬಿಸಿ ಮಾಡಿದ್ದಾರೆ. ತಣ್ಣಗಿರುವಾಗ ಅದು ಎಷ್ಟು ಹೊತ್ತು ಸತಾಯಿಸುತ್ತದೆ, ಎಷ್ಟು ಹೊಗೆ ಬಿಡುತ್ತದೆ ಅನ್ನುವುದು ನಿಮಗೆ ಕಾಣಬಾರದು ಅಂತ. ಹಾಗಾಗಿದ್ದರೆ ಸರ್ವೇಯನ್ನು ಇನ್ನೊಂದು ದಿನಕ್ಕೆ ಹಾಕಿಸಿ, ಆ ದಿನವೂ ಬೇಗ ಹೋಗಿ.